ಎರಡು ದಿನದ ಮುಂಬೈ, ಎರಡೇ ಸಂಜೆ: ಹೆಸರಾಂತ ಕಟ್ಟಡಗಳ ಫೋಟೊ ತೆಗೆಯಲು ಸಮಗ್ರ ಮಾರ್ಗದರ್ಶಿ

ಮೊದಲ ಸಲ ಕ್ಯಾಮೆರಾ ಹೆಗಲಿಗೇರಿಸಿ ಮುಂಬೈಗೆ ಹೋದಾಗ ನನ್ನ ಜೇಬಿನಲ್ಲಿ ಹದಿನಾಲ್ಕು ಜಾಗಗಳ ಪಟ್ಟಿಯಿತ್ತು. ನೆಂಟರ ಮದುವೆಗೆಂದು ಹೋದದ್ದು, ಕೈಗೆ ಸಿಕ್ಕದ್ದು ಎರಡು ದಿನ. ಓಡಿ ಓಡಿ ಹನ್ನೊಂದು ಜಾಗ ಮುಟ್ಟಿದೆ. ಊರಿಗೆ ಬಂದು ಕಂಪ್ಯೂಟರ್‌ಗೆ ಹಾಕಿ ನೋಡಿದರೆ, ಗೇಟ್‌ವೇ ಆಫ್ ಇಂಡಿಯಾ ಬಿಳಿಚಿಕೊಂಡ ಆಕಾಶದ ಮುಂದೆ ಕರಿ ಡಬ್ಬಿಯ ಹಾಗೆ ನಿಂತಿದೆ. ರಾಜಾಬಾಯಿ ಗೋಪುರ ಇನ್ನೇನು ಹಿಂದಕ್ಕೆ ಮಗುಚಿ ಬೀಳುವಂತಿದೆ. ರೈಲ್ವೆ ನಿಲ್ದಾಣದ ಮುಂದೆ ನಮ್ಮತ್ತೆ ಕಣ್ಣು ಮುಚ್ಚಿದ್ದಾರೆ. ನಾನೂರು ಫೋಟೊಗಳಲ್ಲಿ ಗೋಡೆಗೆ ಹಾಕುವಂಥದ್ದು ಒಂದೂ ಇರಲಿಲ್ಲ.

ಆಮೇಲೆ ನಾಲ್ಕೈದು ಸಲ ಹೋಗಿದ್ದೇನೆ. ಕ್ಯಾಮೆರಾ ಅದೇ, ಎರಡು ದಿನವೂ ಅದೇ. ಬದಲಾದದ್ದು ಪಟ್ಟಿ ಮಾಡುವ ರೀತಿ. ಯಾವ ಜಾಗ ಯಾವುದಕ್ಕೆ ಹತ್ತಿರ ಎಂದು ನೋಡುವುದನ್ನು ಬಿಟ್ಟು, ಯಾವ ಕಟ್ಟಡ ಯಾವ ದಿಕ್ಕಿಗೆ ಮುಖ ಮಾಡಿದೆ ಎಂದು ನೋಡತೊಡಗಿದೆ. ಈ ಬರಹದ ಉದ್ದಕ್ಕೂ ಬೇರೆ ಬೇರೆ ವೇಷದಲ್ಲಿ ಬರುವುದು ಇದೊಂದೇ ಮಾತು.

ಹೆಜ್ಜೆ 1: ಪಟ್ಟಿಯ ಪಕ್ಕದಲ್ಲಿ ದಿಕ್ಕು ಬರೆಯಿರಿ

ಹೊರಡುವ ಮುಂಚೆ, ಮನೆಯಲ್ಲಿ ಕುಳಿತೇ ಮಾಡಬೇಕಾದ ಕೆಲಸ ಇದು. ಗೂಗಲ್ ಮ್ಯಾಪ್‌ನ ಉಪಗ್ರಹ ನೋಟ ತೆರೆದು ಪ್ರತಿ ಕಟ್ಟಡದ ಮುಂಬಾಗಿಲು ಎತ್ತ ನೋಡುತ್ತದೆ ಎಂದು ಗುರುತು ಹಾಕಿಕೊಳ್ಳಿ. ದಕ್ಷಿಣ ಮುಂಬೈಯ ಮಟ್ಟಿಗೆ ಆ ಕೆಲಸ ನಾನೇ ಮಾಡಿಕೊಡುತ್ತೇನೆ.

ಪೂರ್ವಕ್ಕೆ, ಅಂದರೆ ಬಂದರಿನ ಕಡೆಗೆ ಮುಖ ಮಾಡಿದವು: ಗೇಟ್‌ವೇ ಆಫ್ ಇಂಡಿಯಾದ ಸಮುದ್ರದ ಕಡೆಯ ಮುಖ, ಅದರ ಬೆನ್ನಿಗಿರುವ ತಾಜ್ ಮಹಲ್ ಪ್ಯಾಲೇಸ್ ಹೋಟೆಲ್, ಓವಲ್ ಮೈದಾನದ ಪಶ್ಚಿಮ ಅಂಚಿನಲ್ಲಿ ಸಾಲಾಗಿ ನಿಂತ, ದುಂಡು ಮೂಲೆಯ ಆರ್ಟ್ ಡೆಕೊ ಶೈಲಿಯ ಮನೆಗಳು. ಇವಕ್ಕೆಲ್ಲ ಬೆಳಗಿನ ಬಿಸಿಲು ಬೇಕು. ಪಶ್ಚಿಮಕ್ಕೆ ಮುಖ ಮಾಡಿದವು: ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ರೈಲ್ವೆ ನಿಲ್ದಾಣ (ಮುಂದೆ ಬರೀ ಟರ್ಮಿನಸ್), ರಾಜಾಬಾಯಿ ಗಡಿಯಾರ ಗೋಪುರ, ಹೈಕೋರ್ಟ್, ಕಡಲಂಚಿನ ರಸ್ತೆಯಾದ ಇಡೀ ಮರೀನ್ ಡ್ರೈವ್. ಇವಕ್ಕೆ ಮಧ್ಯಾಹ್ನ ಮೂರೂವರೆಯ ಮೇಲಿನ ಬಿಸಿಲು.

ಓವಲ್ ಮೈದಾನ ಇದಕ್ಕೆ ಒಳ್ಳೆಯ ಪಾಠಶಾಲೆ. ಮಧ್ಯದಲ್ಲಿ ನಿಂತರೆ ಒಂದು ಮಗ್ಗುಲಿಗೆ ಹತ್ತೊಂಬತ್ತನೇ ಶತಮಾನದ, ಚೂಪು ಕಮಾನಿನ ಗಾಥಿಕ್ ಶೈಲಿಯ ಗೋಪುರಗಳು, ಇನ್ನೊಂದು ಮಗ್ಗುಲಿಗೆ 1930ರ ದಶಕದ ದುಂಡು ಮೂಲೆಯ ಬಾಲ್ಕನಿಗಳು. 2018ರಲ್ಲಿ ಯುನೆಸ್ಕೊ ಇವೆರಡನ್ನೂ ಒಟ್ಟಿಗೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಒಂದೇ ಹೊತ್ತಿನಲ್ಲಿ ಎರಡಕ್ಕೂ ಚೆನ್ನಾದ ಬೆಳಕು ಸಿಗುವುದಿಲ್ಲ. ಬೆಳಿಗ್ಗೆ ಹೋದರೆ ಬಾಲ್ಕನಿ, ಸಂಜೆ ಹೋದರೆ ಗೋಪುರ.

ಸೂರ್ಯ ವರ್ಷವಿಡೀ ಒಂದೇ ಕಡೆ ಹುಟ್ಟಿ ಒಂದೇ ಕಡೆ ಮುಳುಗುವವನಲ್ಲ. ಡಿಸೆಂಬರ್‌ನಲ್ಲಿ ಆಗ್ನೇಯದತ್ತ ಸರಿದು ಹುಟ್ಟಿ ನೈರುತ್ಯದತ್ತ ಮುಳುಗುತ್ತಾನೆ, ಜೂನ್‌ನಲ್ಲಿ ಈಶಾನ್ಯ, ವಾಯವ್ಯಗಳ ಕಡೆ ವಾಲಿರುತ್ತಾನೆ. ಫೋಟೊಪಿಲ್ಸ್, ಸನ್ ಸರ್ವೇಯರ್‌ನಂಥ ಆ್ಯಪ್‌ಗಳು ನಿಮ್ಮ ತಾರೀಖಿಗೆ ಸರಿಯಾಗಿ ನಕ್ಷೆಯ ಮೇಲೆ ಗೆರೆ ಎಳೆದು ತೋರಿಸುತ್ತವೆ. ಹತ್ತು ನಿಮಿಷ ಅದರಲ್ಲಿ ಆಡಿ.

ಹೆಜ್ಜೆ 2: ಸಂಜೆಗಳನ್ನು ಎಣಿಸಿ

ಎರಡು ದಿನದ ಪ್ರವಾಸ ಎಂದರೆ ಫೋಟೊದವರ ಲೆಕ್ಕದಲ್ಲಿ ಎರಡು ಮುಂಜಾನೆ, ಎರಡು ಸಂಜೆ. ನಡುವಿನ ಹೊತ್ತೆಲ್ಲ ಊಟ, ತಿರುಗಾಟ, ನೆಂಟರಿಷ್ಟರ ಬಾಬ್ತು. ಸೂರ್ಯ ಮುಳುಗಿದ ಮೇಲೆ ಆಕಾಶ ಕಡುನೀಲಿಯಾಗಿ, ಕಟ್ಟಡದ ದೀಪಗಳು ಅದಕ್ಕೆ ಸರಿದೂಗುವ ಒಂದು ಗಳಿಗೆ ಇದೆಯಲ್ಲ, ಅದನ್ನು ಫೋಟೊ ತೆಗೆಯುವವರು ಬ್ಲೂ ಅವರ್ ಅನ್ನುತ್ತಾರೆ. ಹೆಸರಿನಲ್ಲಿ ಅವರ್ ಇದೆ ಎಂದು ಮೋಸ ಹೋಗಬೇಡಿ. ಯೂರೋಪಿನವರು ಮಾಡಿದ ವಿಡಿಯೊಗಳಲ್ಲಿ ಅದು ಬಲು ದೀರ್ಘವಾಗಿರುತ್ತದೆ. ಮುಂಬೈ ಉಷ್ಣವಲಯದ ಊರು, ಸೂರ್ಯ ನೆಟ್ಟಗೆ ಇಳಿದುಬಿಡುತ್ತಾನೆ. ಒಳ್ಳೆಯ ನೀಲಿ ನಿಲ್ಲುವುದು ಹೆಚ್ಚೆಂದರೆ ಇಪ್ಪತ್ತು ನಿಮಿಷ.

ಇದನ್ನು ನಾನು ಕಲಿತದ್ದು ಟ್ಯಾಕ್ಸಿಯೊಳಗೆ ಕುಳಿತು. ಮರೀನ್ ಡ್ರೈವ್‌ನಲ್ಲಿ ಸೂರ್ಯಾಸ್ತ ಮುಗಿಸಿ, ಅದೇ ನೀಲಿ ಹೊತ್ತಿಗೆ ಟರ್ಮಿನಸ್ ಮುಂದೆ ನಿಂತುಬಿಡೋಣ ಎಂದು ಲೆಕ್ಕ ಹಾಕಿದ್ದೆ. ನಕ್ಷೆಯಲ್ಲಿ ಎರಡು ಕಿಲೋಮೀಟರ್ ಚಿಲ್ಲರೆ. ಆಫೀಸು ಬಿಡುವ ಹೊತ್ತು. ಮೊದಲ ಸಿಗ್ನಲ್‌ನಲ್ಲಿ ಆಕಾಶ ತಿಳಿನೀಲಿ, ಎರಡನೆಯದರಲ್ಲಿ ಶಾಯಿ ನೀಲಿ, ಮೂರನೆಯದರಲ್ಲಿ ನಿಂತೇ ಇದ್ದೆವು. ಇಳಿದು ಓಡಿ ಹೋಗಿ ತಲುಪುವಷ್ಟರಲ್ಲಿ ಗೋಪುರದ ಹಿಂದೆ ಹಂಚಿನ ಮಸಿಯಂಥ ಕಪ್ಪು.

ಆದ್ದರಿಂದ ಒಂದು ಸಂಜೆಗೆ ಒಂದೇ ಜಾಗ. ಮುಂಬೈಯಲ್ಲಿ ಸಂಜೆಗೆ ಹಕ್ಕುದಾರರು ಮೂವರು: ಟರ್ಮಿನಸ್, ಮರೀನ್ ಡ್ರೈವ್, ಬಾಂದ್ರಾ–ವರ್ಲಿ ಸೀ ಲಿಂಕ್. ನಿಮಗಿರುವುದು ಎರಡು ಸಂಜೆ. ಒಬ್ಬರನ್ನು ಕೈಬಿಡಲೇಬೇಕು. ನನ್ನನ್ನು ಕೇಳಿದರೆ ಸೀ ಲಿಂಕ್ ಬಿಡಿ. ದೊಡ್ಡ ತೂಗುತಂತಿ ಸೇತುವೆ ಜಗತ್ತಿನಲ್ಲಿ ಬೇರೆಡೆಯೂ ಸಿಗುತ್ತದೆ, ಅಂಥ ರೈಲ್ವೆ ನಿಲ್ದಾಣ ಸಿಗುವುದಿಲ್ಲ. ಇದಕ್ಕೆ ಒಪ್ಪದ ಗೆಳೆಯರು ನನಗಿದ್ದಾರೆ. ಅವರಿಗಾಗಿ ಕೆಳಗೆ ಸೀ ಲಿಂಕ್ ಬಗ್ಗೆಯೂ ಬರೆದಿದ್ದೇನೆ.

ಹೆಜ್ಜೆ 3: ಯಾವಾಗ ಹೋಗಬೇಕು

ನವೆಂಬರ್‌ನಿಂದ ಫೆಬ್ರವರಿ ಹಿತವಾದ ಕಾಲ, ಆದರೆ ಮಬ್ಬು ಜಾಸ್ತಿ. ದೂರದ ಕಟ್ಟಡಗಳು ಬೂದಿ ಬಳಿದಂತೆ ಕಾಣುತ್ತವೆ. ಆ ತಿಂಗಳುಗಳಲ್ಲಿ ಹತ್ತಿರದ ವಸ್ತುಗಳನ್ನು ಹಿಡಿಯಿರಿ, ದೂರದ ಸ್ಕೈಲೈನ್‌ಗೆ ಆಸೆಪಡಬೇಡಿ. ಮಬ್ಬಿನಿಂದ ಒಂದು ಲಾಭವಿದೆ: ಸೂರ್ಯ ಮುಳುಗುವ ಮೊದಲೇ ಕಿತ್ತಳೆ ಬಿಲ್ಲೆಯಾಗುತ್ತಾನೆ, ನೇರವಾಗಿ ಚೌಕಟ್ಟಿನೊಳಗೆ ಕೂರಿಸಬಹುದು.

ಜೂನ್‌ನಿಂದ ಸೆಪ್ಟೆಂಬರ್ ಮಳೆ. ಅದರಲ್ಲೂ ಎರಡು ಮಳೆಯ ನಡುವಿನ ಅರ್ಧ ಗಂಟೆಯಲ್ಲಿ ಸಿಗುವ ಗಾಳಿಯ ತಿಳಿ, ಒದ್ದೆ ರಸ್ತೆಯಲ್ಲಿ ದೀಪದ ಬಿಂಬ ಬೇರೆ ಯಾವ ಕಾಲದಲ್ಲೂ ಇಲ್ಲ. ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೋಗುವ ಮುನ್ನ ಆ ದಿನದ ಭರತದ, ಅಂದರೆ ಕಡಲು ಉಬ್ಬುವ ವೇಳೆ ನೋಡಿಕೊಳ್ಳಿ. ನಾಲ್ಕೂವರೆ ಮೀಟರ್ ದಾಟುವ ಭರತದ ದಿನಗಳಲ್ಲಿ ಮರೀನ್ ಡ್ರೈವ್‌ನ ತಡೆಗೋಡೆ ಹಾರಿ ಅಲೆ ರಸ್ತೆಗೇ ಬರುತ್ತದೆ. ಫೋಟೊ ಅದ್ಭುತ, ಆದರೆ ತೆಗೆಯಬೇಕಾದದ್ದು ರಸ್ತೆಯ ಈಚೆ ಬದಿಯಿಂದ. ಗೋಡೆಯಾಚೆಗಿನ ಕಾಂಕ್ರೀಟ್ ಟೆಟ್ರಾಪಾಡ್‌ಗಳ ಮೇಲೆ ಯಾವ ಕಾಲದಲ್ಲೂ ಇಳಿಯಬೇಡಿ. ಪಾಚಿ ಕಟ್ಟಿರುತ್ತದೆ, ಕಾಲು ಸಿಕ್ಕಿಕೊಂಡರೆ ಮೇಲೆತ್ತುವುದು ಅಗ್ನಿಶಾಮಕ ದಳದವರ ಕೆಲಸವಾಗುತ್ತದೆ.

ಹೆಜ್ಜೆ 4: ಚೀಲ

ಫೋನ್ ಒಂದೇ ಇದ್ದರೂ ಸಾಕು, ಹೊಸದೇನೂ ಕೊಳ್ಳಬೇಡಿ. ಕ್ಯಾಮೆರಾ ಇದ್ದರೆ ಒಂದೇ ಲೆನ್ಸ್ ಒಯ್ಯಿರಿ, 24ರಿಂದ 70 ಅಥವಾ 105 ಮಿಲಿಮೀಟರ್‌ನಂಥದ್ದು. ಉದ್ದನೆಯ ಟ್ರೈಪಾಡ್ ಮನೆಯಲ್ಲಿರಲಿ. ಅದನ್ನು ಬಿಚ್ಚಿದ ಕೂಡಲೇ ನೀವು ಪ್ರವಾಸಿ ಹೋಗಿ ಶೂಟಿಂಗ್ ಪಾರ್ಟಿಯಾಗುತ್ತೀರಿ, ಸೆಕ್ಯುರಿಟಿಯವರು ಬಂದು ಪರ್ಮಿಷನ್ ಕೇಳುತ್ತಾರೆ. ಅದರ ಬದಲಿಗೆ ನಾನು ಒಯ್ಯುವುದು ಅರ್ಧ ಕಿಲೋ ಅಕ್ಕಿ ತುಂಬಿ ಬಾಯಿ ಹೊಲಿದ ಹಳೆಯ ಬಟ್ಟೆಯ ಚೀಲ. ಗೋಡೆಯ ಮೇಲೆ, ಕಂಬಿಯ ಮೇಲೆ ಇಟ್ಟು ಅದರ ಮೇಲೆ ಕ್ಯಾಮೆರಾ ಕೂರಿಸಿದರೆ ನಾಲ್ಕು ಸೆಕೆಂಡಿನ ಎಕ್ಸ್‌ಪೋಷರ್‌ಗೂ ಅಲುಗುವುದಿಲ್ಲ. ಯಾರೂ ಏನೂ ಕೇಳುವುದೂ ಇಲ್ಲ. ಒಮ್ಮೆ ಮಾತ್ರ ಒಬ್ಬ ಪೊಲೀಸಪ್ಪ ಒಳಗೇನಿದೆ ಎಂದು ವಿಚಾರಿಸಿದ. ಸೋನಾ ಮಸೂರಿ ಎಂದೆ.

ಇನ್ನೊಂದು ಮುಖ್ಯ ವಿಷಯ. ರಾತ್ರಿಯಿಡೀ ಎಸಿ ಕೋಣೆಯಲ್ಲಿದ್ದ ಲೆನ್ಸನ್ನು ಮುಂಬೈಯ ಹಸಿ ಗಾಳಿಗೆ ತಂದ ಕ್ಷಣ ಅದರ ಮೇಲೆ ಮಂಜು ಕೂರುತ್ತದೆ. ಒರೆಸಿದಷ್ಟೂ ಮತ್ತೆ ಕೂರುತ್ತದೆ. ಗೇಟ್‌ವೇ ಮುಂದೆ ಸೂರ್ಯ ಹುಟ್ಟುತ್ತಿರುವಾಗ ನಾನು ಅಂಗಿಯ ಚುಂಗಿನಿಂದ ಗಾಜು ತಿಕ್ಕುತ್ತ ನಿಂತಿದ್ದೇನೆ. ಮಲಗುವ ಮುನ್ನ ಕ್ಯಾಮೆರಾವನ್ನು ಗಟ್ಟಿಯಾಗಿ ಮುಚ್ಚಿದ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಾತ್‌ರೂಮಿನಲ್ಲಿಡಿ, ಅಲ್ಲಿ ಎಸಿ ತಗಲುವುದಿಲ್ಲ. ಹೊರಬಂದ ಮೇಲೂ ಕಾಲು ಗಂಟೆ ಚೀಲ ಬಿಚ್ಚಬೇಡಿ.

ಹೆಜ್ಜೆ 5: ಮೊದಲ ಮುಂಜಾನೆ, ಗೇಟ್‌ವೇ

ಚಳಿಗಾಲದಲ್ಲಿ ಮುಂಬೈಯ ಸೂರ್ಯೋದಯ ಏಳರ ಆಚೀಚೆ, ಬೇಸಿಗೆಯಲ್ಲಿ ಆರರ ಆಚೀಚೆ. ಅದಕ್ಕೂ ಮುಕ್ಕಾಲು ಗಂಟೆ ಮೊದಲು ಅಲ್ಲಿರಬೇಕು. ತಪಾಸಣೆ ದಾಟಿ ಒಳಹೋಗಬೇಕಾದ್ದರಿಂದ ಚೀಲ ಹಗುರವಿದ್ದಷ್ಟೂ ಒಳ್ಳೆಯದು.

ಈ ಕಮಾನು ಕಟ್ಟಿದ್ದು 1911ರ ಡಿಸೆಂಬರ್‌ನಲ್ಲಿ ಐದನೇ ಜಾರ್ಜ್ ಮತ್ತು ರಾಣಿ ಮೇರಿ ಇಲ್ಲಿ ಬಂದಿಳಿದ ನೆನಪಿಗೆ. ತಮಾಷೆಯೆಂದರೆ ಅವರು ಬಂದಾಗ ನೋಡಲು ಸಿಕ್ಕದ್ದು ರಟ್ಟಿನ ಮಾದರಿ. ಜಾರ್ಜ್ ವಿಟೆಟ್ ವಿನ್ಯಾಸ ಮಾಡಿದ ಕಲ್ಲಿನ ಕಮಾನು ಮುಗಿದು ಉದ್ಘಾಟನೆಯಾದದ್ದು 1924ರ ಡಿಸೆಂಬರ್ 4ರಂದು. ಹಳದಿ ಛಾಯೆಯ ಬಸಾಲ್ಟ್ ಕಲ್ಲು, 26 ಮೀಟರ್ ಎತ್ತರ. ಆ ಹಳದಿಯೇ ನಮಗೆ ಮುಖ್ಯ. ಮೊದಲ ಬಿಸಿಲಿಗೆ ಅದು ಜೇನಿನ ಬಣ್ಣಕ್ಕೆ ತಿರುಗುತ್ತದೆ, ಒಂಬತ್ತರ ಮೇಲೆ ಒಣ ಮಣ್ಣಿನಂತಾಗುತ್ತದೆ.

ಮೂರು ಫೋಟೊ, ಈ ಕ್ರಮದಲ್ಲಿ. ಮೊದಲನೆಯದು ಸೂರ್ಯ ಹುಟ್ಟುವ ಮೊದಲು, ಊರಿನ ಕಡೆಯಿಂದ. ಆಕಾಶ ಕೆಂಪೇರುತ್ತಿರುತ್ತದೆ, ಕಮಾನು ಕಪ್ಪು ನೆರಳು. ಫೋನ್‌ನಲ್ಲಿ ಆಕಾಶದ ಮೇಲೆ ಬೆರಳೊತ್ತಿ ಹಿಡಿಯಿರಿ, ಫೋಕಸ್ ಮತ್ತು ಬೆಳಕು ಎರಡಕ್ಕೂ ಬೀಗ ಬೀಳುತ್ತದೆ, ಆಮೇಲೆ ಬೆಳಕಿನ ಗುರುತನ್ನು ತುಸು ಕೆಳಗೆಳೆಯಿರಿ. ಕಮಾನು ಪೂರ್ತಿ ಕಪ್ಪಾಗಲಿ, ಹೆದರಬೇಡಿ. ನನ್ನ ಮೊದಲ ಸಲದ ಫೋಟೊದಲ್ಲೂ ಕಮಾನು ಕಪ್ಪಾಗಿಯೇ ಇತ್ತಲ್ಲ, ವ್ಯತ್ಯಾಸವೇನು ಅನ್ನಬಹುದು. ಅದು ಒಂಬತ್ತೂವರೆಯ ಬಿಳಿ ಆಕಾಶದ ಮುಂದಿನ ಕಪ್ಪು. ಇದಕ್ಕೆ ಹಿಂದೆ ಬಣ್ಣವಿದೆ.

ಎರಡನೆಯದಕ್ಕೆ ಕಮಾನಿಗೆ ಬೆನ್ನು ಮಾಡಿ. 1903ರಲ್ಲಿ ಬಾಗಿಲು ತೆರೆದ ತಾಜ್ ಹೋಟೆಲಿನ ಕೆಂಪು ಗುಮ್ಮಟಕ್ಕೆ ಮೊದಲ ಕಿರಣ ಬೀಳುತ್ತಿರುತ್ತದೆ. ಎಲ್ಲರೂ ಸೂರ್ಯನನ್ನು ನೋಡುತ್ತಿರುವಾಗ ನೀವು ತಿರುಗಿ ನಿಂತರೆ ಚೌಕಟ್ಟಿನಲ್ಲಿ ಪಾರಿವಾಳಗಳ ಹೊರತು ಅಡ್ಡ ಬರುವವರಿರುವುದಿಲ್ಲ.

ಮೂರನೆಯದು ನೀರಿನಿಂದ. ಎಲಿಫೆಂಟಾಕ್ಕೆ ಹೋಗುವ ಲಾಂಚ್‌ಗಳು, ಬಂದರಿನಲ್ಲಿ ಒಂದು ಸುತ್ತು ಹಾಕಿಸಿ ತರುವ ದೋಣಿಗಳು ಇಲ್ಲಿಂದಲೇ ಹೊರಡುತ್ತವೆ. ಬೆಳಗಿನ ಮೊದಲ ದೋಣಿ ಹಿಡಿದು ಹಿಂಬದಿಯಲ್ಲಿ ನಿಲ್ಲಿ. ಕಮಾನು, ತಾಜ್ ಎರಡೂ ಒಂದೇ ಚೌಕಟ್ಟಿಗೆ ಬರುತ್ತವೆ, ಬಿಸಿಲು ಎರಡರ ಮುಖಕ್ಕೂ ನೇರ. ಇಂಜಿನ್ನಿನ ನಡುಕವಿರುವುದರಿಂದ ಷಟರ್ ವೇಗ 1/500ಕ್ಕಿಂತ ಕೆಳಗಿಳಿಸಬೇಡಿ. ಚಳಿಗಾಲದಲ್ಲಾದರೆ ಕಡಲಕ್ಕಿಗಳ ಹಿಂಡು ದೋಣಿಯ ಹಿಂದೆಯೇ ಬರುತ್ತದೆ. ಎಲಿಫೆಂಟಾ ಗುಹೆಗಳಿಗೆ ಸೋಮವಾರ ರಜೆ, ನೆನಪಿರಲಿ. ಹಾಗೆಯೇ, ಬಂದರಿನಲ್ಲಿ ಕಾಣುವ ನೌಕಾಪಡೆಯ ಹಡಗು, ಹಡಗುಕಟ್ಟೆಗಳ ಕಡೆ ಕ್ಯಾಮೆರಾ ತಿರುಗಿಸಬೇಡಿ.

ಗೇಟ್‌ವೇ ಅಂಗಳದಲ್ಲಿ ಕೊರಳಿಗೆ ಕ್ಯಾಮೆರಾ, ಕೈಯಲ್ಲಿ ಮಾದರಿ ಫೋಟೊಗಳ ಕಟ್ಟು ಹಿಡಿದು ಓಡಾಡುವ ಫೋಟೊಗ್ರಾಫರ್‌ಗಳಿದ್ದಾರೆ. ಅವರನ್ನು ಕಂಡರೆ ನಾವು ದೂರ ಸರಿಯುತ್ತೇವೆ. ಎರಡನೇ ಸಲ ಹೋದಾಗ ನಾನು ಒಬ್ಬರಿಗೆ ದುಡ್ಡು ಕೊಟ್ಟು ಮನೆಯವರೆಲ್ಲರ ಫೋಟೊ ತೆಗೆಸಿದೆ. ಆತ ನಮ್ಮನ್ನು ಕಮಾನಿನ ಬುಡಕ್ಕೆ ಕರೆದೊಯ್ಯಲಿಲ್ಲ, ಎಲ್ಲರೂ ಅಲ್ಲೇ ಹೋಗಿ ನಿಲ್ಲುವುದು. ಕಮಾನಿನಿಂದ ನಲವತ್ತು ಹೆಜ್ಜೆ ಈಚೆಗೆ, ತನ್ನ ಹತ್ತಿರಕ್ಕೆ ನಿಲ್ಲಿಸಿಕೊಂಡ. ತಾನು ಮೊಣಕಾಲೂರಿ ಕೂತ. ಹಿಂದಿನ ಜನಜಂಗುಳಿಯೆಲ್ಲ ನಮ್ಮ ಸೊಂಟದ ಹಿಂದೆ ಅಡಗಿಹೋಯಿತು. ನಮ್ಮ ತಲೆಗಳ ಮೇಲೆ ಇಡೀ ಕಮಾನು ಪೂರ್ತಿಯಾಗಿ ಬಂತು. ನಮ್ಮತ್ತೆ ಕಣ್ಣು ಮುಚ್ಚುವ ವಿಚಾರಕ್ಕೂ ಆತನ ಬಳಿ ಉಪಾಯವಿತ್ತು: ಎಲ್ಲರೂ ಕಣ್ಣು ಮುಚ್ಚಿ, ಮೂರು ಎಂದಾಗ ಬಿಡಿ ಎಂದ. ದಿನಕ್ಕೆ ನೂರು ಸಲ ಅದೇ ಕಟ್ಟಡದ ಮುಂದೆ ಜನರನ್ನು ನಿಲ್ಲಿಸುವವನಿಗೆ ಗೊತ್ತಿರುವುದು ಯೂಟ್ಯೂಬ್‌ಗೆ ಗೊತ್ತಿರುವುದಿಲ್ಲ.

ಹೆಜ್ಜೆ 6: ಒಂದೂವರೆ ಪಟ್ಟಿನ ಲೆಕ್ಕ

ಗೋಪುರಗಳು ಫೋಟೊದಲ್ಲಿ ಹಿಂದಕ್ಕೆ ಬಿದ್ದಂತೆ ಕಾಣುವುದು ನಾವು ಹತ್ತಿರ ನಿಂತು ಕ್ಯಾಮೆರಾವನ್ನು ಮೇಲಕ್ಕೆ ವಾಲಿಸುವುದರಿಂದ. ವಾಲಿಸದೆ ನೆಟ್ಟಗೆ ಹಿಡಿದರೆ ಗೋಡೆಗಳೂ ನೆಟ್ಟಗಿರುತ್ತವೆ. ಹಾಗೆ ಹಿಡಿದೂ ತುದಿ ಒಳಗೆ ಬರಬೇಕಾದರೆ ಎಷ್ಟು ದೂರ ಹೋಗಬೇಕು? ಸಾಮಾನ್ಯ ಫೋನಿನ ಮುಖ್ಯ ಕ್ಯಾಮೆರಾಕ್ಕೆ ನನ್ನ ಲೆಕ್ಕ ಇದು: ಫೋನನ್ನು ಉದ್ದಕ್ಕೆ ಹಿಡಿದರೆ ಕಟ್ಟಡದ ಎತ್ತರದ ಒಂದೂವರೆ ಪಟ್ಟು, ಅಡ್ಡಕ್ಕೆ ಹಿಡಿದರೆ ಎರಡು ಪಟ್ಟು. 26 ಮೀಟರಿನ ಗೇಟ್‌ವೇಗೆ ಸುಮಾರು ನಲವತ್ತು ಮೀಟರ್. 85 ಮೀಟರಿನ ರಾಜಾಬಾಯಿ ಗೋಪುರಕ್ಕೆ ನೂರಮೂವತ್ತು.

ರಾಜಾಬಾಯಿಯ ಅದೃಷ್ಟ, ಅದರ ಎದುರಿಗೆ ಓವಲ್ ಮೈದಾನವಿದೆ. ಮೂರೂವರೆ, ನಾಲ್ಕಕ್ಕೆ ಮೈದಾನ ಸೇರಿ, ಪಶ್ಚಿಮದತ್ತ ನಡೆಯುತ್ತ ಹೋಗಿ, ತುದಿ ಚೌಕಟ್ಟಿನೊಳಗೆ ಬಂದ ಕಡೆ ನಿಲ್ಲಿ. ನೆಟ್ಟಗೆ ಹಿಡಿದಾಗ ಚೌಕಟ್ಟಿನ ಕೆಳಗಿನ ಅರ್ಧ ಬರೀ ನೆಲವಾಗುತ್ತದೆ, ಅದು ಈ ಲೆಕ್ಕದ ದೋಷ. ಬೇರೆ ಊರಿನಲ್ಲಾದರೆ ಕತ್ತರಿಸಿ ಹಾಕಬೇಕು. ಇಲ್ಲಿ ಆ ಅರ್ಧದಲ್ಲಿ ಕ್ರಿಕೆಟ್ ನಡೆಯುತ್ತಿರುತ್ತದೆ. ಒಂದೇ ಮೈದಾನದಲ್ಲಿ ಹತ್ತಾರು ಪಂದ್ಯ, ಒಬ್ಬರ ಡೀಪ್ ಕವರ್ ಇನ್ನೊಬ್ಬರ ಸ್ಲಿಪ್. ಬೌಲರ್ ಜಿಗಿದ ಕ್ಷಣಕ್ಕೆ ಒತ್ತಿದರೆ ಹಿಂದೆ 1878ರಲ್ಲಿ ಮುಗಿದ ಗಡಿಯಾರ, ಮುಂದೆ ಇವತ್ತಿನ ಓವರ್. ವ್ಯಾಪಾರಿ ಪ್ರೇಮಚಂದ್ ರಾಯ್‌ಚಂದ್ ತನ್ನ ತಾಯಿಯ ಹೆಸರಿನಲ್ಲಿ ದುಡ್ಡು ಕೊಟ್ಟು ಕಟ್ಟಿಸಿದ ಗೋಪುರ ಇದು. ಇದರ ನಕ್ಷೆ ಬರೆದ ಗಿಲ್ಬರ್ಟ್ ಸ್ಕಾಟ್‌ನ ಮನಸ್ಸಿನಲ್ಲಿ ಲಂಡನ್ನಿನ ಬಿಗ್ ಬೆನ್ ಇತ್ತಂತೆ. ಆದರೆ ಬಿಗ್ ಬೆನ್ ಮುಂದೆ ಟೆನಿಸ್ ಬಾಲ್ ಕ್ರಿಕೆಟ್ ಸಿಗುವುದಿಲ್ಲ.

ಹಿಂದೆ ಸರಿಯಲು ಜಾಗವೇ ಇಲ್ಲದಿದ್ದರೆ? ಅಗಲ ನೋಟಕ್ಕೆಂದು ಫೋನಿನ 0.5 ಬಟನ್ ಒತ್ತುವುದು ಸುಲಭ, ಆದರೆ ಮೂಲೆಗಳು ರಬ್ಬರಿನಂತೆ ಹಿಗ್ಗುತ್ತವೆ. ಅದರ ಬದಲು ಕಟ್ಟಡದ ಒಂದು ತುಂಡನ್ನು ಹಿಡಿಯಿರಿ. ಇಡೀ ಕಟ್ಟಡ ಎಲ್ಲರ ಬಳಿಯೂ ಇದೆ.

ಹೆಜ್ಜೆ 7: ಸಂಜೆ ಒಂದು, ಟರ್ಮಿನಸ್

ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಬಂದವರು ಇಳಿಯುವುದೇ ಈ ಕಟ್ಟಡದೊಳಗೆ. ಲಗೇಜು ಎಳೆಯುತ್ತ ಹೊರಬಂದು ತಿರುಗಿಯೂ ನೋಡದೆ ಟ್ಯಾಕ್ಸಿ ಹತ್ತುತ್ತೇವೆ. ಎಫ್. ಡಬ್ಲ್ಯೂ. ಸ್ಟೀವನ್ಸ್ ವಿನ್ಯಾಸ ಮಾಡಿದ್ದು, ಕೆಲಸ ಶುರುವಾದದ್ದು 1878ರಲ್ಲಿ, ಮುಗಿಯಲು ಹತ್ತು ವರ್ಷ ಹಿಡಿಯಿತು. 2004ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಎದುರಿನ ಮಹಾನಗರ ಪಾಲಿಕೆಯ ಕಟ್ಟಡವೂ ಅದೇ ಸ್ಟೀವನ್ಸ್‌ನದು.

ಬಿಸಿಲಿರುವಾಗಲೇ, ಐದರ ಸುಮಾರಿಗೆ ಬನ್ನಿ. ಮೊದಲ ಅರ್ಧ ಗಂಟೆ ಬರೀ ವಿವರಗಳಿಗೆ. ಗೇಟಿನ ಕಂಬಗಳ ಮೇಲೆ ಒಂದು ಕಡೆ ಸಿಂಹ, ಇನ್ನೊಂದು ಕಡೆ ಹುಲಿ ಕೂತಿವೆ: ಸಿಂಹ ಬ್ರಿಟನ್ನಿನದು, ಹುಲಿ ನಮ್ಮದು. ನಡುಗುಮ್ಮಟದ ತುದಿಯಲ್ಲಿ ಪಂಜು ಎತ್ತಿ ಹಿಡಿದ ಹೆಂಗಸಿನ ವಿಗ್ರಹವಿದೆ, 'ಪ್ರಗತಿ' ಎಂದು ಅದರ ಹೆಸರು. ಗೋಡೆಗಳಲ್ಲಿ ನವಿಲು, ಮಂಗ, ಎಲೆಬಳ್ಳಿ. ಸಂಜೆಯ ಓರೆ ಬಿಸಿಲಿಗೆ ಕೆತ್ತನೆಯ ಪ್ರತಿ ಗೆರೆಗೂ ನೆರಳು ಮೂಡುತ್ತದೆ. ಮೂರು ಪಟ್ಟು, ಐದು ಪಟ್ಟು ಜೂಮ್ ಇರುವ ಫೋನ್‌ಗೆ ಇದೇ ಕೆಲಸ.

ಆಮೇಲೆ ರಸ್ತೆ ದಾಟಿ. ಸುರಂಗ ಮಾರ್ಗದಲ್ಲೇ ದಾಟಿ, ಆ ವೃತ್ತದಲ್ಲಿ ಶೌರ್ಯ ಬೇಡ. ಪಾಲಿಕೆ ಕಟ್ಟಡದ ಕಡೆ, ಈ ನಿಲ್ದಾಣ ನೋಡಲೆಂದೇ ಒಂದು ಪುಟ್ಟ ಕಟ್ಟೆ ಮಾಡಿದ್ದಾರೆ. ಅಲ್ಲಿ ಕಂಬಿಯ ಮೇಲೆ ಅಕ್ಕಿ ಚೀಲ ಇಟ್ಟು ಜಾಗ ಹಿಡಿಯಿರಿ. ಸೂರ್ಯ ಮುಳುಗಿ ಐದು ನಿಮಿಷದಿಂದ ಶುರುಮಾಡಿ ನಿಮಿಷಕ್ಕೊಂದರಂತೆ ಫೋಟೊ ತೆಗೆಯುತ್ತ ಹೋಗಿ. ಯಾವುದು ಸರಿಯಾದ ನೀಲಿ ಎಂದು ಅಲ್ಲಿ ನಿಂತಾಗ ಗೊತ್ತಾಗುವುದಿಲ್ಲ.

ಕ್ಯಾಮೆರಾದವರಿಗೆ: ಐಎಸ್‌ಒ 100, ಎಫ್ 8, ಎರಡರಿಂದ ನಾಲ್ಕು ಸೆಕೆಂಡ್, ಎರಡು ಸೆಕೆಂಡಿನ ಟೈಮರ್. ಇಷ್ಟು ಹೊತ್ತು ತೆರೆದಿಟ್ಟರೆ ಮುಂದೆ ಹಾದುಹೋಗುವ ವಾಹನಗಳ ದೀಪ ಕೆಂಪು, ಬಿಳಿ ಗೆರೆಗಳಾಗುತ್ತವೆ. ಸಿಗ್ನಲ್ ಹಸಿರಾದ ಕೂಡಲೇ ಒತ್ತಿ. ಎರಡು ಮಹಡಿಯ ಕೆಂಪು ಬಸ್ ಬಂದರೆ ಅದೇ ಬೋನಸ್. ಎರಡು ಮಹಡಿಯ ಹಳೆಯ ಡೀಸೆಲ್ ಬಸ್‌ಗಳೂ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳೂ 2023ರಲ್ಲೇ ರಸ್ತೆ ಬಿಟ್ಟವು. ಅಂತರ್ಜಾಲದಲ್ಲಿ ಕಂಡ ಆ ಫೋಟೊ ಇನ್ನು ಯಾರಿಗೂ ಸಿಗುವುದಿಲ್ಲ, ಹುಡುಕಿಕೊಂಡು ನಿಲ್ಲಬೇಡಿ. ಈಗಿನವು ಬ್ಯಾಟರಿ ಬಸ್‌ಗಳು. ಫೋನ್‌ನವರು ನೈಟ್ ಮೋಡ್ ಹಾಕಿ, ಚೀಲಕ್ಕೆ ಆನಿಸಿ, ಟೈಮರ್ ಬಳಸಿ.

ಒಂದು ತಕರಾರು ಹೇಳಲೇಬೇಕು. ಕಟ್ಟಡಕ್ಕೆ ಬಿಡುವ ಬಣ್ಣದ ದೀಪಗಳು ಒಂದು ನಿಮಿಷ ನೇರಳೆ, ಇನ್ನೊಂದು ನಿಮಿಷ ಕಡುಗೆಂಪು ಆಗುತ್ತವೆ, ಕಲ್ಲಿನ ಬಣ್ಣ ಎಲ್ಲೋ ಹೋಗುತ್ತದೆ. ಕೆಂಪು ಬಂದಾಗ ಕೆತ್ತನೆಯೆಲ್ಲ ಒಂದೇ ಮುದ್ದೆ. ಬಿಳಿ ಅಥವಾ ಹಳದಿ ಸುತ್ತು ಬರುವವರೆಗೆ ಕಾಯಿರಿ, ಬಾರದಿದ್ದರೆ ಒಂದು ಹಂತ ಕತ್ತಲೆ ಮಾಡಿ ತೆಗೆದು ಮನೆಗೆ ಬಂದು ಕಪ್ಪು-ಬಿಳುಪು ಮಾಡಿ. ನನ್ನ ಗೋಡೆಯ ಮೇಲಿರುವುದು ಹಾಗೆ ಮಾಡಿದ್ದೇ.

ಹೆಜ್ಜೆ 8: ಮಧ್ಯಾಹ್ನ

ಹನ್ನೊಂದರಿಂದ ಮೂರೂವರೆವರೆಗೆ ಕ್ಯಾಮೆರಾ ಒಳಗಿಡಿ. ಮಾಟುಂಗಕ್ಕೆ ಹೋಗಿ, ದಕ್ಷಿಣ ಕನ್ನಡದಿಂದ ಬಂದವರು ಕಟ್ಟಿ ಬೆಳೆಸಿದ ಉಡುಪಿ ಹೋಟೆಲುಗಳಲ್ಲಿ ಒಂದನ್ನು ಹುಡುಕಿ ಸಾರು-ಅನ್ನ ಉಣ್ಣಿ. ಸುಮ್ಮನಿರಲಾಗದಿದ್ದರೆ ಮಹಾಲಕ್ಷ್ಮಿ ಸ್ಟೇಷನ್ ಪಕ್ಕದ ಸೇತುವೆಯಿಂದ ಧೋಬಿ ಘಾಟ್ ನೋಡಬಹುದು. ಸಾಲು ಸಾಲು ಬಟ್ಟೆಗಳ ಬಣ್ಣಕ್ಕೆ ನಡುಹಗಲಿನ ಬಿಸಿಲು ಹೊಂದುತ್ತದೆ. ಆದರೆ ಅದು ಜನ ದುಡಿಯುವ, ಬದುಕುವ ಜಾಗ. ಮೇಲಿನಿಂದ ಇಡೀ ದೃಶ್ಯ ತೆಗೆಯುವುದು ಬೇರೆ, ಸ್ನಾನ ಮಾಡುತ್ತಿರುವವರತ್ತ ಜೂಮ್ ಎಳೆಯುವುದು ಬೇರೆ.

ಹೆಜ್ಜೆ 9: ಸಂಜೆ ಎರಡು, ಕಡಲು

ಮರೀನ್ ಡ್ರೈವ್ 3.6 ಕಿಲೋಮೀಟರ್ ಉದ್ದದ ಬಿಲ್ಲು. ಎಲ್ಲಿ ನಿಂತರೂ ಒಂದೇ ಅಂದುಕೊಂಡು ಜನ ಉತ್ತರ ತುದಿಯ ಮರಳ ದಂಡೆ ಚೌಪಾಟಿಯಲ್ಲಿ ಭೇಲ್ ತಿಂದು ಅಲ್ಲೇ ನಿಲ್ಲುತ್ತಾರೆ. ಆ ತುದಿಯಿಂದ ನೋಡಿದರೆ ವರ್ಷದ ಬಹುಪಾಲು ಸೂರ್ಯ ಮಲಬಾರ್ ಹಿಲ್‌ನ ಕಟ್ಟಡಗಳ ಹಿಂದೆ ಇಳಿಯುತ್ತಾನೆ. ಸಮುದ್ರಕ್ಕೇ ಮುಳುಗಬೇಕಾದರೆ ನರಿಮನ್ ಪಾಯಿಂಟ್ ತುದಿಗೆ, ಎನ್‌ಸಿಪಿಎ ಎಂಬ ರಂಗಮಂದಿರದ ಕಡೆಗೆ ಹೋಗಿ. ಅಲ್ಲಿ ಇನ್ನೊಂದು ಅನುಕೂಲ: ಸೂರ್ಯ ಮುಳುಗಿದ ಮೇಲೆ ಬಲಕ್ಕೆ ತಿರುಗಿದರೆ ಇಡೀ ಬಿಲ್ಲು ಚೌಪಾಟಿಯವರೆಗೆ ಬಾಗಿ ಹೋಗುವುದು ಕಾಣುತ್ತದೆ. ದೀಪಗಳು ಹೊತ್ತಿಕೊಂಡ ಮೇಲೆ ಜನ ಅದನ್ನೇ ರಾಣಿಯ ಕಂಠಹಾರ ಎನ್ನುವುದು. ಸೂರ್ಯಾಸ್ತ, ನೀಲಿ ಹೊತ್ತು ಎರಡೂ ಒಂದೇ ಜಾಗದಲ್ಲಿ, ಟ್ಯಾಕ್ಸಿಯ ಗೊಡವೆ ಇಲ್ಲ.

ಗೋಡೆಯ ಮೇಲೆ ಕೂತ ಜೋಡಿಗಳು, ಒಬ್ಬರೇ ಬಂದವರು, ಕಡಲೆ ಮಾರುವವರನ್ನು ಚೌಕಟ್ಟಿನಿಂದ ಹೊರಗಿಡಲು ಹೆಣಗಬೇಡಿ. ಬೆನ್ನು ಕಾಣುವಂತೆ, ಮುಖ ಗುರುತಾಗದಂತೆ ತೆಗೆದರೆ ಯಾರಿಗೂ ಕಿರಿಕಿರಿಯಿಲ್ಲ, ಫೋಟೊಕ್ಕೂ ಜೀವ ಬರುತ್ತದೆ.

ಇನ್ನು ಸೀ ಲಿಂಕ್. 2009ರಲ್ಲಿ ತೆರೆದ 5.6 ಕಿಲೋಮೀಟರ್ ಸೇತುವೆ. ಅದರ ಮೇಲೆ ನಡೆದು ಹೋಗುವಂತಿಲ್ಲ, ಗಾಡಿ ನಿಲ್ಲಿಸುವಂತೆಯೂ ಇಲ್ಲ. ಬಾಂದ್ರಾ ಕೋಟೆಯಿಂದ ನೋಡಿದರೆ ಸಂಜೆಯ ಬಿಸಿಲು ಸೇತುವೆಯ ಮೇಲೆ ಬೀಳುತ್ತದೆ, ಹಿಂದೆ ವರ್ಲಿಯ ಗಗನಚುಂಬಿಗಳು. ದಾದರ್ ಚೌಪಾಟಿಯಿಂದ ನೋಡಿದರೆ ಸೂರ್ಯ ಸೇತುವೆಯ ಹಿಂದೆ ಮುಳುಗುತ್ತಾನೆ, ತಂತಿಗಳು ವೀಣೆಯ ತಂತಿಗಳಂತೆ ಕಪ್ಪಗೆ ಕಾಣುತ್ತವೆ. ನನಗೆ ಇಷ್ಟ ಎರಡನೆಯದು.

ಹೆಜ್ಜೆ 10: ಕಾನೂನು, ಕಾವಲು, ಕಳ್ಳರು

ಬೀದಿಯಲ್ಲಿ ನಿಂತು ಕಟ್ಟಡದ ಫೋಟೊ ತೆಗೆಯುವುದು, ಪ್ರಕಟಿಸುವುದು ಕೃತಿಸ್ವಾಮ್ಯ ಉಲ್ಲಂಘನೆಯಲ್ಲ ಎಂದು 1957ರ ಕಾಯ್ದೆಯ 52ನೇ ಕಲಂ ಹೇಳುತ್ತದೆ. ಆದರೆ ತಾಜ್ ಹೋಟೆಲ್ ಕಟ್ಟಡದ ರೂಪ 2017ರಿಂದ ಟ್ರೇಡ್‌ಮಾರ್ಕ್ ಆಗಿದೆ. ನೆನಪಿಗೆ ತೆಗೆದುಕೊಂಡರೆ ಯಾರೂ ಕೇಳುವುದಿಲ್ಲ, ಟೀ ಶರ್ಟ್ ಮೇಲೆ ಅಚ್ಚು ಹಾಕಿ ಮಾರಹೋದರೆ ಕೇಳುತ್ತಾರೆ. ಹೈಕೋರ್ಟ್ ಆವರಣದೊಳಗೆ ಕ್ಯಾಮೆರಾ ಬೇಡ. ಡ್ರೋನ್ ಅಂತೂ ಊರಲ್ಲೇ ಬಿಟ್ಟು ಬನ್ನಿ, ನೌಕಾಪಡೆ, ವಿಮಾನ ನಿಲ್ದಾಣಗಳ ನಡುವಿನ ಊರು ಇದು. ಕಾವಲುಗಾರ ಬೇಡ ಎಂದರೆ ಕಾಯ್ದೆ ಬಿಚ್ಚಿಡಬೇಡಿ. ನಿಮಗಿರುವುದು ಇಪ್ಪತ್ತು ನಿಮಿಷದ ನೀಲಿ, ವಾದ ಮುಗಿಯುವಷ್ಟರಲ್ಲಿ ಕತ್ತಲಾಗಿರುತ್ತದೆ. ಹತ್ತು ಹೆಜ್ಜೆ ಸರಿದು ನಿಲ್ಲಿ.

ಸಂಜೆಯ ಲೋಕಲ್ ರೈಲಿನಲ್ಲಿ ಕ್ಯಾಮೆರಾ ಚೀಲ ಬೆನ್ನಿಗಲ್ಲ, ಎದೆಗೆ.

ಹೆಜ್ಜೆ 11: ಪ್ರತಿ ರಾತ್ರಿ ಹದಿನೈದು ನಿಮಿಷ

ಎಷ್ಟೇ ದಣಿದಿದ್ದರೂ ಎರಡು ಕೆಲಸ. ಒಂದು, ಆ ದಿನದ ಫೋಟೊಗಳ ಇನ್ನೊಂದು ಪ್ರತಿ: ಫೋನ್‌ಗೆ, ಪೆನ್ ಡ್ರೈವ್‌ಗೆ ಅಥವಾ ಹೋಟೆಲಿನ ವೈಫೈ ಸರಿಯಿದ್ದರೆ ಕ್ಲೌಡ್‌ಗೆ. ಎರಡು ಪ್ರತಿಗಳೂ ಒಂದೇ ಚೀಲದಲ್ಲಿ ಇರಬಾರದು. ಇನ್ನೊಂದು, ನಾಳೆ ಮತ್ತೆ ತೆಗೆಯಬಹುದಾದ ತಪ್ಪುಗಳನ್ನು ಹುಡುಕುವುದು. ಫೋಟೊ ಹಿಗ್ಗಿಸಿ ಅಂಚುಗಳನ್ನು ನೋಡಿ: ಅಲುಗಿದೆಯೇ, ತುದಿ ಕತ್ತರಿಸಿಹೋಗಿದೆಯೇ, ಲೆನ್ಸಿನ ಮೇಲೆ ಬೆರಳ ಜಿಡ್ಡಿನಿಂದ ದೀಪಗಳೆಲ್ಲ ಹರಡಿಕೊಂಡಿವೆಯೇ. ಗೇಟ್‌ವೇ ಕೈಕೊಟ್ಟಿದ್ದರೆ ಎರಡನೇ ಮುಂಜಾನೆ ಇನ್ನೂ ಕೈಯಲ್ಲಿದೆ. ಎಲ್ಲ ಸರಿಯಿದ್ದರೆ ಆ ಮುಂಜಾನೆಯನ್ನು ಓವಲ್‌ನ ಬಾಲ್ಕನಿಗಳಿಗೆ ಕೊಡಿ.

ಅಳಿಸುವ ಕೆಲಸ ಮಾತ್ರ ಅಲ್ಲಿ ಬೇಡ, ವಾಪಸ್ ರೈಲಿಗಿಡಿ. ನಾನು ಕರ್ಜತ್ ದಾಟಿದ ಮೇಲೆ ಶುರುಮಾಡುತ್ತೇನೆ. ಘಾಟಿಯ ಸುರಂಗಗಳಲ್ಲಿ ಬೋಗಿ ಕತ್ತಲಾದಾಗ ಪರದೆ ಚೆನ್ನಾಗಿ ಕಾಣುತ್ತದೆ, ಬೆಳಕಿಗೆ ಬಂದಾಗ ಕಿಟಕಿಯಾಚೆ ನೋಡುವುದು, ಮತ್ತೆ ಸುರಂಗ ಬಂದಾಗ ನಾಲ್ಕು ಅಳಿಸುವುದು. ಕಳೆದ ಸಲ ಲೋಣಾವಳಾ ಬರುವಷ್ಟರಲ್ಲಿ ನೂರಿಪ್ಪತ್ತು ಹೋಗಿ ಮೂವತ್ತೆಂಟು ಉಳಿದವು, ಪುಣೆಗೆ ಹನ್ನೊಂದು. ಅದರಲ್ಲೊಂದು ಆ ಗೇಟ್‌ವೇ ಫೋಟೊಗ್ರಾಫರ್‌ನ ಉಪಾಯ ಕದ್ದು ನಾನೇ ಮೊಣಕಾಲೂರಿ ತೆಗೆದದ್ದು. ಅತ್ತೆಯ ಕಣ್ಣು ತೆರೆದಿದೆ. ಮಾವನದು ಮುಚ್ಚಿದೆ.